ಫ್ಯೂಸ್ ತೆಗೆಯದೆಯೇ ವೇರಿಯಬಲ್ ಸೊನ್ನೆಗೆ ತರುವುದು

ನಾನು ಬೋರ್‌ವೆಲ್ ಮೋಟರ್‌ಗೆ ಕಂಟ್ರೋಲರ್ ಬೋರ್ಡ್ ಮಾಡುತ್ತೇನೆ. ಕಾರ್ಟೆಕ್ಸ್-ಎಂ ಚಿಪ್, ಸಿ ಭಾಷೆಯ ಕೋಡ್. ಬೋರ್‌ನಲ್ಲಿ ನೀರಿಲ್ಲದಿದ್ದರೆ ಬೋರ್ಡ್ 3 ಸಲ ಪ್ರಯತ್ನಿಸಿ ಲಾಕ್ ಆಗುತ್ತದೆ. ಒಂದು ದಿನ ತೋಟದಿಂದ ಫೋನ್ ಬಂತು. ನೀರು ಬಂದಮೇಲೆ ಸ್ಟಾರ್ಟ್ ಒತ್ತಿದರೂ ಮೋಟರ್ ತಿರುಗದೆ ಲಾಕ್ ಆಗುತ್ತೆ, ಫ್ಯೂಸ್ ತೆಗೆದು ಹಾಕಿದರೆ ಸರಿಹೋಗುತ್ತೆ ಅಂದರು.

ಆ ಫ್ಯೂಸ್ ಮಾತಿನಲ್ಲೇ ಉತ್ತರ ಇತ್ತು: ಪವರ್ ಹೋಗಿ ಬಂದರೆ ಚಿಪ್ ರೀಸೆಟ್ ಆಗುತ್ತದೆ. ಪ್ರಯತ್ನದ ಎಣಿಕೆಯನ್ನು ಫಂಕ್ಷನ್ ಒಳಗೆ ಸ್ಟ್ಯಾಟಿಕ್ (ಫಂಕ್ಷನ್ ಮುಗಿದರೂ ಬೆಲೆ ಉಳಿಯುವ ವೇರಿಯಬಲ್) ಮಾಡಿ, ಪಕ್ಕದಲ್ಲಿ 0 ಬರೆದಿದ್ದೆ. ಆದರೆ ಫಂಕ್ಷನ್ ಕರೆದಾಗಲೆಲ್ಲ ಆ 0 ಬರುವುದಿಲ್ಲ. ಚಿಪ್ ರೀಸೆಟ್ ಆದಾಗ, ಮೇನ್‌ಗೂ (ನಮ್ಮ ಕೋಡ್ ಶುರುವಾಗುವ ಫಂಕ್ಷನ್) ಮುಂಚೆ, ಸ್ಟಾರ್ಟಪ್ ಕೋಡ್ ಅದನ್ನು ಒಂದೇ ಸಲ ತುಂಬುತ್ತದೆ. ಬಟನ್ ಒತ್ತಿದಾಗ ಎಣಿಕೆ ಇನ್ನೂ 3ರಲ್ಲೇ ಇತ್ತು.

ಈಗ ಹೀಗೆ ಮಾಡುತ್ತೇನೆ. ಫಂಕ್ಷನ್‌ಗಳ ಒಳಗೆ ಅಡಗಿರುವ ಸ್ಟ್ಯಾಟಿಕ್‌ಗಳನ್ನೆಲ್ಲ ಹೊರಗೆ ತಂದು ಒಂದೇ ಸ್ಟ್ರಕ್ಟ್‌ಗೆ (ಹಲವು ವೇರಿಯಬಲ್‌ಗಳ ಗುಂಪು) ಹಾಕಿ. ಒಳಗಿದ್ದರೆ ಹೊರಗಿನಿಂದ ಮುಟ್ಟೋಕೇ ಆಗಲ್ಲ, ಅಲ್ವಾ? ಆರಂಭದ ಬೆಲೆಗಳಿರುವ ಕಾನ್ಸ್ಟ್ (ಬದಲಾಗದ) ಸ್ಟ್ರಕ್ಟ್ ಒಂದನ್ನು ಬರೆದು, ರೀಸೆಟ್ ಫಂಕ್ಷನ್‌ನಲ್ಲಿ ಅದನ್ನು ಇಡಿಯಾಗಿ ನಕಲು ಮಾಡಿ. ಒಂದೊಂದೇ ಫೀಲ್ಡ್ ಬರೆಯುತ್ತಾ ಹೋದರೆ, ಮುಂದೆ ಸೇರಿಸುವ ಹೊಸ ಫೀಲ್ಡ್ ಖಂಡಿತ ಮರೆತುಹೋಗುತ್ತದೆ. ಮೇನ್‌ನ ಆರಂಭದಲ್ಲೂ ಬಟನ್ ಒತ್ತಿದಾಗಲೂ ಇದೇ ಫಂಕ್ಷನ್ ಕರೆಯಿರಿ.

ವೇರಿಯಬಲ್‌ನಲ್ಲಿ ಆಫ್ ಎಂದು ಬರೆದ ಮಾತ್ರಕ್ಕೆ ರಿಲೇ ಆಫ್ ಆಗುವುದಿಲ್ಲ. ಮೊದಲು ಪಿನ್ ಆಫ್ ಮಾಡಿ, ಆಮೇಲೆ ನಕಲು. ಇಂಟರಪ್ಟ್ ಕೋಡ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ನಡುವೆ ಓಡುವ ಕೋಡ್) ಕೂಡ ಆ ಸ್ಟ್ರಕ್ಟ್ ಮುಟ್ಟುತ್ತಿದ್ದರೆ, ನಕಲು ಮುಗಿಯುವವರೆಗೆ ಇಂಟರಪ್ಟ್ ತಡೆಯಿರಿ. ಇಲ್ಲದಿದ್ದರೆ ಅರ್ಧ ಹಳೇದು, ಅರ್ಧ ಹೊಸದು ಅದರ ಕೈಗೆ ಸಿಗುತ್ತದೆ. ಎನಮ್‌ನಲ್ಲಿ (ಸ್ಥಿತಿಗಳಿಗೆ ಸಂಖ್ಯೆ ಕೊಡುವ ಪಟ್ಟಿ) 0ಗೆ ಯಾವಾಗಲೂ "ನಿಂತಿದೆ" ಎಂಬ ಸ್ಥಿತಿಯನ್ನೇ ಕೊಡಿ.

ಸ್ಟಾರ್ಟಪ್ ಕೋಡ್ ನೀವೇ ಬರೆದಿದ್ದರೆ ಜಾಸ್ತಿ ಎಚ್ಚರ ಬೇಕು. ಡೇಟಾ ಸೆಕ್ಷನ್ (0 ಅಲ್ಲದ ಆರಂಭದ ಬೆಲೆಯಿರುವ ವೇರಿಯಬಲ್‌ಗಳ ಜಾಗ) ಫ್ಲ್ಯಾಶ್‌ನಿಂದ ನಕಲಾಗಬೇಕು, ಬಿಎಸ್ಎಸ್ ಸೆಕ್ಷನ್‌ಗೆ (0ಯಿಂದ ಶುರುವಾಗುವ ವೇರಿಯಬಲ್‌ಗಳ ಜಾಗ) 0 ತುಂಬಬೇಕು. ಪರೀಕ್ಷಿಸಲು ಸುಮ್ನೆ ಪವರ್ ತೆಗೆದು ಹಾಕಿದರೆ ಸಾಲದು, ಬೇಗ ಹಾಕಿದರೆ ರ‍್ಯಾಮ್‌ನಲ್ಲಿ ಹಳೇದೇ ಉಳಿದಿರಬಹುದು. ರಿಲೇ ವೈರ್ ಬಿಚ್ಚಿಟ್ಟು, ಡಿಬಗರ್‌ನಿಂದ ರ‍್ಯಾಮ್ ತುಂಬಾ ಹೆಕ್ಸ್ ಎ5 ಬರೆಯಿರಿ. ರೀಸೆಟ್ ಕೊಟ್ಟು ಮೇನ್‌ನಲ್ಲಿ ನಿಲ್ಲಿಸಿ ಆ ಎರಡು ಸೆಕ್ಷನ್ ನೋಡಿ. ಬಿಎಸ್ಎಸ್‌ನಲ್ಲಿ ಒಂದು ಎ5 ಕಂಡರೂ ತುಂಬುವ ಲೂಪ್ ತಪ್ಪಿದೆ.

ಒಂದೇ ಒಂದು ಎಣಿಕೆಯನ್ನು ನಾನು ಬೇಕೆಂದೇ ಉಳಿಸಿಕೊಳ್ಳುತ್ತೇನೆ: ವಾಚ್‌ಡಾಗ್ (ಕೋಡ್ ಸಿಕ್ಕಿಹಾಕಿಕೊಂಡರೆ ಚಿಪ್ ರೀಸೆಟ್ ಮಾಡುವ ಟೈಮರ್) ಎಷ್ಟು ಸಲ ರೀಸೆಟ್ ಮಾಡಿತು ಎಂಬುದು. ಸ್ಟಾರ್ಟಪ್ ಕೋಡ್ ಮುಟ್ಟದ ಬೇರೆ ಸೆಕ್ಷನ್‌ನಲ್ಲಿ ಅದಿರುತ್ತದೆ, ಪಕ್ಕದಲ್ಲಿ ಒಂದು ಗುರುತಿನ ಸಂಖ್ಯೆ. ಆ ಗುರುತು ಸರಿಯಿಲ್ಲದಿದ್ದರೆ ಹೊಸದಾಗಿ ಪವರ್ ಬಂದಿದೆ ಎಂದುಕೊಂಡು ಎಣಿಕೆಗೆ 0 ಹಾಕಿ, ಗುರುತು ಬರೆಯುತ್ತೇನೆ.