ಭಾರದ ಧಾತುಗಳ ಎಲೆಕ್ಟ್ರಾನ್ ವಿನ್ಯಾಸ ಬರೆಯುವುದು ಹೇಗೆ?

ಸೀಸದ 82 ಎಲೆಕ್ಟ್ರಾನ್‌ಗಳನ್ನು 1ಎಸ್‌ನಿಂದ ಸಾಲಾಗಿ ಬರೆಯಹೊರಟರೆ ನಡುವೆ ಎಲ್ಲೋ ಒಂದು ಉಪಕವಚ ಬಿಟ್ಟುಹೋಗುತ್ತದೆ. ಆ ದಾರಿ ಬೇಡ. ಆ ಧಾತುವಿಗಿಂತ ಹಿಂದೆ ಬರುವ ಜಡಾನಿಲವನ್ನು ಚೌಕ ಆವರಣದಲ್ಲಿ ಹಾಕಿ, ಮಿಕ್ಕವನ್ನಷ್ಟೇ ತುಂಬಿ. ಇದಕ್ಕೆ ಮೂರು ಸಂಖ್ಯೆ ಬಾಯಿಪಾಠವಿದ್ದರೆ ಸಾಕು: ಕ್ರಿಪ್ಟಾನ್ 36, ಕ್ಸೆನಾನ್ 54, ರೇಡಾನ್ 86.

ತುಂಬುವ ಕ್ರಮಕ್ಕೆ ಎನ್ + ಎಲ್ ಮೊತ್ತ ನೋಡಿ. ಎನ್ ಎಂದರೆ ಕವಚದ ಸಂಖ್ಯೆ (6ಎಸ್ ಎಂಬಲ್ಲಿನ 6), ಎಲ್ ಎಂದರೆ ಅದರೊಳಗಿನ ಉಪಕವಚದ ಬಗೆಯನ್ನು ಸೂಚಿಸುವ ಅಂಕಿ. ಎಲ್‌ನ ಬೆಲೆ ಎಸ್‌ಗೆ 0, ಪಿಗೆ 1, ಡಿಗೆ 2, ಎಫ್‌ಗೆ 3. ಮೊತ್ತ ಕಡಿಮೆಯಿದ್ದದ್ದು ಮೊದಲು ತುಂಬುತ್ತದೆ. ಸಮವಾದರೆ ಎನ್ ಚಿಕ್ಕದಿರುವುದು ಮೊದಲು. 6ಎಸ್‌ಗೆ 6. 4ಎಫ್, 5ಡಿ, 6ಪಿ ಮೂರಕ್ಕೂ 7. ಹಾಗಾಗಿ ಕ್ಸೆನಾನ್ ಆದಮೇಲೆ 6ಎಸ್, 4ಎಫ್, 5ಡಿ, 6ಪಿ. ರೇಡಾನ್ ಆದಮೇಲೆ ಅದೇ ರೀತಿ 7ಎಸ್, 5ಎಫ್, 6ಡಿ, 7ಪಿ.

ಸೀಸಕ್ಕೆ 82ರಲ್ಲಿ 54 ಕಳೆದರೆ 28 ಉಳಿಯುತ್ತದೆ. 6ಎಸ್‌ಗೆ 2, 4ಎಫ್‌ಗೆ 14, 5ಡಿಗೆ 10, ಕೊನೆಯ 2 ಎಲೆಕ್ಟ್ರಾನ್ 6ಪಿಗೆ. ಬರೆಯುವಾಗ ಕವಚದ ಕ್ರಮದಲ್ಲಿ ಜೋಡಿಸಿ:

[ಕ್ಸೆನಾನ್] 4ಎಫ್¹⁴ 5ಡಿ¹⁰ 6ಎಸ್² 6ಪಿ²

ಇಲ್ಲಿ ಹೆಚ್ಚಿನವರು ಎಡವುವುದು 4ಎಫ್¹⁴ ಮರೆತು. ಆವರ್ತ ಕೋಷ್ಟಕದಲ್ಲಿ ಎಫ್ ಸಾಲುಗಳನ್ನು ಕೆಳಗೆ ಬೇರೆಯಾಗಿ ಮುದ್ರಿಸುವುದರಿಂದ ಕಣ್ಣು ಅವನ್ನು ಹಾರಿಬಿಡುತ್ತದೆ. ಆಗ ಮೊತ್ತ 68ಕ್ಕೇ ನಿಂತು, ಸೀಸ ಹೋಗಿ ಎರ್ಬಿಯಂನ ಲೆಕ್ಕವಾಗುತ್ತದೆ.

ಕವಚದ ಕ್ರಮದಲ್ಲಿ ಬರೆಯುವುದು ಬರೀ ಅಂದಕ್ಕಲ್ಲ. ಧನ ಅಯಾನು ಮಾಡುವಾಗ ಎನ್ ದೊಡ್ಡದಿರುವ ಕವಚದಿಂದ ಮೊದಲು ತೆಗೆಯಬೇಕು, ಕೊನೆಗೆ ತುಂಬಿದ್ದರಿಂದಲ್ಲ. ಯುರೋಪಿಯಂ [ಕ್ಸೆನಾನ್] 4ಎಫ್⁷ 6ಎಸ್². ಅದರ +3 ಅಯಾನಿನಲ್ಲಿ 6ಎಸ್‌ನ ಎರಡೂ ಹೋಗಿ, ಆಮೇಲೆ 4ಎಫ್‌ನಿಂದ ಒಂದು ಹೋಗುತ್ತದೆ, ಉಳಿಯುವುದು 4ಎಫ್⁶.

ಇನ್ನು ಅಪವಾದಗಳು. ಇವನ್ನು ಊಹಿಸಬೇಡಿ, ನೆನಪಿಡಿ. ನಿಯಮದ ಪ್ರಕಾರ ಚಿನ್ನ [ಕ್ಸೆನಾನ್] 4ಎಫ್¹⁴ 5ಡಿ⁹ 6ಎಸ್² ಆಗಬೇಕಿತ್ತು, ನಿಜದಲ್ಲಿ 5ಡಿ¹⁰ 6ಎಸ್¹. ಪ್ಲಾಟಿನಂ 5ಡಿ⁹ 6ಎಸ್¹. ಪೆಲೇಡಿಯಂನಲ್ಲಂತೂ 5ಎಸ್ ಪೂರ್ತಿ ಖಾಲಿ: [ಕ್ರಿಪ್ಟಾನ್] 4ಡಿ¹⁰. ‘ಅರ್ಧ ತುಂಬಿದರೆ ಸ್ಥಿರ’ ಎಂಬ ಮಾತು ಗ್ಯಾಡೋಲಿನಿಯಂಗೆ (4ಎಫ್⁷ 5ಡಿ¹ 6ಎಸ್²) ಹೊಂದುತ್ತದೆ, ಸೀರಿಯಂಗೆ (4ಎಫ್¹ 5ಡಿ¹ 6ಎಸ್²) ಹೊಂದುವುದಿಲ್ಲ. ಒಂದೇ ಗುಂಪಿನವು ಎಂದು ನಂಬುವಂತೆಯೂ ಇಲ್ಲ: ಮಾಲಿಬ್ಡಿನಂ 4ಡಿ⁵ 5ಎಸ್¹, ಅದರ ಕೆಳಗಿನ ಟಂಗ್‌ಸ್ಟನ್ 5ಡಿ⁴ 6ಎಸ್².

ಆಕ್ಟಿನೈಡ್‌ಗಳಲ್ಲಿ (ಕೋಷ್ಟಕದ ಕೆಳಗೆ ಮುದ್ರಿಸುವ ಎರಡನೇ ಎಫ್ ಸಾಲು) ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಸಾಲಿನ ಆರಂಭದಲ್ಲಿ 5ಎಫ್ ಮತ್ತು 6ಡಿ ಶಕ್ತಿಮಟ್ಟಗಳು ತೀರ ಹತ್ತಿರ. ಥೋರಿಯಂನಲ್ಲಿ ಎಫ್ ಎಲೆಕ್ಟ್ರಾನೇ ಇಲ್ಲ: 6ಡಿ² 7ಎಸ್². ಪ್ರೊಟಾಕ್ಟಿನಿಯಂ, ಯುರೇನಿಯಂ, ನೆಪ್ಚೂನಿಯಂಗಳಲ್ಲಿ 5ಎಫ್ ಕ್ರಮವಾಗಿ 2, 3, 4. ಜೊತೆಗೆ ಪ್ರತಿಯೊಂದಕ್ಕೂ 6ಡಿ¹ 7ಎಸ್². ಪ್ಲುಟೋನಿಯಂ ಮತ್ತೆ ನಿಯಮಕ್ಕೆ ಮರಳುತ್ತದೆ: 5ಎಫ್⁶ 7ಎಸ್².

ಬರೆದಾದ ಮೇಲೆ ತಲೆಯ ಮೇಲಿನ ಅಂಕಿಗಳನ್ನು ಜಡಾನಿಲದ ಸಂಖ್ಯೆಗೆ ಕೂಡಿಸಿ. ಯುರೇನಿಯಂಗೆ 86 + 3 + 1 + 2 = 92. ಧನ ಅಯಾನಾದರೆ ಮೊತ್ತವು ಪರಮಾಣು ಸಂಖ್ಯೆಗಿಂತ ಆವೇಶದಷ್ಟು ಕಡಿಮೆ ಬರಬೇಕು. ಈ ಕೂಡಿಕೆ ಬಿಟ್ಟುಹೋದ ಉಪಕವಚವನ್ನು ಹಿಡಿದುಕೊಡುತ್ತದೆ. ಅಪವಾದದ ತಪ್ಪನ್ನು ಹಿಡಿಯುವುದಿಲ್ಲ, ಏಕೆಂದರೆ 5ಡಿ⁹ 6ಎಸ್² ಬರೆದರೂ ಚಿನ್ನದ ಮೊತ್ತ 79 ಆಗಿಯೇ ಬರುತ್ತದೆ.