ಹುಳಿ ಮೊಸರಿಗೇ ಎದ್ದ ಬೆಲ್ಲದ ಕೇಕು

"ಸೋಡಾ ಹಾಕುದ್ರೆ ಬೋಂಡಾ ಆಯ್ತದೆ ಕಣವ್ವ, ಕೇಕ್ ಆದದಾ?" ಅಂದಿದ್ದರು ನಮ್ಮತ್ತೆ. ಈಗ ಅವರೇ ಸಂಜೆ ಕಾಫಿ ಜೊತೆ ಎರಡು ತುಂಡು ಕೇಳುತ್ತಾರೆ. ಮಂಡ್ಯದ ನಮ್ಮ ಮನೆಗೆ ಬೇಕಿಂಗ್ ಪೌಡರ್ ತಂದು ವರ್ಷಗಳೇ ಆದವು. ಆದರೂ ವಾರಕ್ಕೆ ಮೂರ್ನಾಲ್ಕು ಕೇಕು ಆರ್ಡರಿಗೆ ಹೋಗುತ್ತವೆ.

ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಮಗಳ ಹುಟ್ಟುಹಬ್ಬಕ್ಕೆ ಐದು ದಿನ ಇತ್ತು, ಬೇಕಿಂಗ್ ಪೌಡರ್ ಡಬ್ಬಿ ಖಾಲಿ. ಅಂಗಡಿಯಲ್ಲಿ ಅಡುಗೆ ಸೋಡಾ ಮಾತ್ರ ಸಿಕ್ಕಿತು. ಪೌಡರ್ ಹಾಕುವಷ್ಟೇ, ಒಂದೂವರೆ ಚಮಚ ಸೋಡಾ ಸುರಿದೆ. ಮೇಲೆ ಕಪ್ಪಗಾಯಿತು, ಬಾಯಿಗಿಟ್ಟರೆ ಸೋಪಿನ ರುಚಿ. ಎರಡನೆಯದಕ್ಕೆ ಸೋಡಾ ಕಡಿಮೆ ಮಾಡಿದೆ, ಆದರೆ ಮೊಸರು ಸಿಹಿ ಇತ್ತು. ಹುಳಿ ಇಲ್ಲದಿದ್ದರೆ ಸೋಡಾ ಏನು ಮಾಡೀತು? ಇಟ್ಟಿಗೆಯಂತೆ ಕೂತಿತು. ಮೂರನೆಯದಕ್ಕೆ ಮೊಸರು ಸರಿಯಾಗಿತ್ತು. ಫೋನ್ ಬಂತು ಅಂತ ಕಲಸಿದ ಹಿಟ್ಟನ್ನು ಇಪ್ಪತ್ತು ನಿಮಿಷ ಬಿಟ್ಟೆ, ಗಾಳಿಯೆಲ್ಲ ಹೋಗಿ ಹಲ್ವಾ ಆಯಿತು. ನಾಲ್ಕನೆಯದಕ್ಕೆ ಹುಣಸೆ ರಸ ಹಾಕಿದೆ. ಎದ್ದಿತು, ಆದರೆ ತಿಂದವರೆಲ್ಲ ಪುಳಿಯೋಗರೆ ನೆನೆಸಿಕೊಂಡರು. ಒಂದೊಂದಕ್ಕೆ ನೂರು ರೂಪಾಯಿ ಅಂದರೂ ನಾನೂರು ಹೋಯಿತು. ಕೆಲಸ ನಿಂತಿದ್ದ ಕಾಲ, ಹೊಟ್ಟೆ ಉರಿಯಿತು.

ಐದನೆಯದು ಗೆದ್ದಿತು. ಒಂದೂವರೆ ಕಪ್ ಗೋಧಿ ಹಿಟ್ಟು, ಮುಕ್ಕಾಲು ಕಪ್ ಬೆಲ್ಲ, ಅರ್ಧ ಕಪ್ ಎಣ್ಣೆ, ಎರಡು ದಿನದ ಹುಳಿ ಮೊಸರು ಮುಕ್ಕಾಲು ಕಪ್, ಬೇಕಾದಷ್ಟು ಹಾಲು. ಸೋಡಾ ಅರ್ಧ ಚಮಚಕ್ಕೆ ಒಂದು ಚಿಟಿಕೆ ಕಡಿಮೆ, ಹಿಟ್ಟಿನ ಜೊತೆ ಎರಡು ಸಲ ಜರಡಿ ಹಿಡಿಯಬೇಕು. ಆಲೆಮನೆ ಬೆಲ್ಲವಾದರೆ ಕರಗಿಸಿ, ಸೋಸಿ, ಪೂರ್ತಿ ಆರಿಸಿ. ಬಿಸಿ ಇದ್ದರೆ ಬಟ್ಟಲಲ್ಲೇ ಉಬ್ಬಿ ಮುಗಿಯುತ್ತದೆ. ಓವನ್ ಮೊದಲೇ ಕಾದಿರಲಿ, ತಟ್ಟೆಗೆ ಎಣ್ಣೆ ಸವರಿರಲಿ. ಮೊಸರು, ಬೆಲ್ಲ, ಎಣ್ಣೆ, ಹಾಲು ಕಲಸಿದ್ದಕ್ಕೆ ಹಿಟ್ಟು ಬಿದ್ದ ಕೂಡಲೇ ಮೇಲೆಲ್ಲ ಸೆಟ್ ದೋಸೆ ಹಾಗೆ ಸಣ್ಣ ಸಣ್ಣ ತೂತು ಏಳುತ್ತವೆ. ಆಗ ಜಾಸ್ತಿ ತಿರುವಬೇಡಿ, ತಕ್ಷಣ ಒಳಗಿಡಿ. 170 ಡಿಗ್ರಿ, ಸುಮಾರು ನಲವತ್ತು ನಿಮಿಷ. ನಮ್ಮ ಓಟಿಜಿಗೆ (ಮೇಜಿನ ಮೇಲಿಡುವ ಪುಟ್ಟ ಕರೆಂಟ್ ಓವನ್) ಎರಡು ನಿಮಿಷ ಹೆಚ್ಚೇ ಬೇಕು.

ಹಿಂದಿನ ರಾತ್ರಿ ಮೊಸರಿಗೆ ಇನ್ನೊಂದು ಪದಾರ್ಥ ಬೆರೆಸುತ್ತೇನೆ. ಅದನ್ನು ಮಾತ್ರ ಬರೆಯಲಾರೆ, ನನ್ನ ಆರ್ಡರುಗಳು ನಿಂತಿರುವುದೇ ಅದರ ಮೇಲೆ. ಅದಿಲ್ಲದೆಯೂ ಕೇಕು ಏಳುತ್ತದೆ, ಆ ಮಾತಿಗೆ ನಾನು ಗ್ಯಾರಂಟಿ.

ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ನಂಜನಗೂಡು ರಸಬಾಳೆ ತಂದು, ಮೊಸರು ಅರ್ಧ ಮಾಡಿ ಅದನ್ನು ಹಿಸುಕಿ ಹಾಕಿಯೂ ನೋಡಿದ್ದೇನೆ. ಪರಿಮಳ ಬೀದಿಗೆ ಬಂತು! ಆದರೆ ಅಷ್ಟು ದುಡ್ಡಿನ ಹಣ್ಣು ಮಾರುವ ಕೇಕಿಗೆ ಗಿಟ್ಟುವುದಿಲ್ಲ. ಪಚ್ಚಬಾಳೆ ಚೆನ್ನಾಗಿ ಮಾಗಿದ್ದರೆ ಸಾಕು.

ಈಗ ರಾಗಿ ಹಿಡಿದಿದ್ದೇನೆ. ಅರ್ಧ ಗೋಧಿ ಬೆರೆಸಿದರೆ ಚೆನ್ನಾಗಿಯೇ ಬರುತ್ತದೆ. ಬರೀ ರಾಗಿ ಹಾಕಿದರೆ ನಡುವೆ ಕುಸಿಯುತ್ತಿದೆ. ಭಾನುವಾರ ಹಾಲು ಕಡಿಮೆ ಮಾಡಿ, ಚಿಕ್ಕ ತಟ್ಟೆಯಲ್ಲಿ ಇಟ್ಟು ನೋಡುತ್ತೇನೆ.