ಚಾರ್ಲ್ಸ್‌ಟನ್‌ನ ಮನೆಗಳನ್ನು ನೋಡಲು ಕಲಿತದ್ದು

"ಈ ಮನೆ ಯಾಕೆ ರಸ್ತೆಗೆ ಪಕ್ಕ ತಿರುಗಿ ನಿಂತಿದೆ?" ಚಾರ್ಲ್ಸ್‌ಟನ್‌ನಲ್ಲಿ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಆ ಊರಿಗೆ ಅದು ನನ್ನ ಮೂರನೇ ಭೇಟಿ. ಮೊದಲೆರಡು ಸಲ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ನಾವಿರುವ ಷಾರ್ಲೆಟ್‌ನಿಂದ ಅಲ್ಲಿಗೆ ಕಾರಿನಲ್ಲಿ ಮೂರೂವರೆ ಗಂಟೆ. ಅಮೆರಿಕದ ದಕ್ಷಿಣದ ಹಳೆಯ ಬಂದರು, 1670ರಲ್ಲಿ ಇಂಗ್ಲಿಷರು ಶುರು ಮಾಡಿದ ಊರು. ಮೊದಲ ಸಲ ವ್ಯಾನಿನಲ್ಲಿ ಸುತ್ತಿದ್ದೆ. ಜಾರ್ಜಿಯನ್, ಫೆಡರಲ್, ಗ್ರೀಕ್ ರಿವೈವಲ್, ಗಾಥಿಕ್ ರಿವೈವಲ್ ಎಂದು ಕಟ್ಟಡ ಶೈಲಿಗಳ ಹೆಸರುಗಳನ್ನೆಲ್ಲ ಬರೆದುಕೊಂಡೆ. ಮಾರನೇ ದಿನ ಪುಸ್ತಕ ತೆರೆದರೆ ಯಾವ ಹೆಸರು ಯಾವ ಮನೆಯದು ಎಂದೇ ಗೊತ್ತಾಗಲಿಲ್ಲ.

ಅಪ್ಪ ಸಾಗರದಲ್ಲಿ ಮೂವತ್ತು ವರ್ಷ ಮನೆ ಕಟ್ಟಿಸುವ ಗುತ್ತಿಗೆ ಮಾಡಿದವರು. ಅವರು ಬಂದಾಗ ಕ್ರಮ ಬದಲಾಯಿಸಿದೆ. ಬೆಳಿಗ್ಗೆ ಏಳಕ್ಕೇ ಹೊರಡುವುದು. ನಡೆದೇ ನೋಡುವುದು. ಒಂದು ಹೊತ್ತಿಗೆ ಒಂದೇ ವಿಷಯ. ಫೋಟೋಕ್ಕಿಂತ ಮೊದಲು ಪೆನ್ಸಿಲ್ಲಿನಲ್ಲಿ ಚಿತ್ರ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಬರೆಯುವಾಗ ಕಣ್ಣು ಅಲ್ಲೇ ನಿಲ್ಲುತ್ತದೆ, ಅಷ್ಟು ಸಾಕು.

ಮೊದಲ ಬೆಳಿಗ್ಗೆ ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದಷ್ಟೇ ನೋಡಿದೆವು. ಅಪ್ಪ ಕೇಳಿದ್ದು 'ಸಿಂಗಲ್ ಹೌಸ್' ಬಗ್ಗೆ. ಈ ಊರಿನದೇ ನಮೂನೆ ಅದು. ರಸ್ತೆಯ ಕಡೆ ಒಂದೇ ಕೋಣೆಯ ಅಗಲ, ಉದ್ದವೆಲ್ಲ ಹಿಂದಕ್ಕೆ. ಪ್ರತಿ ಅಂತಸ್ತಿನಲ್ಲಿ ಎರಡು ಕೋಣೆ, ನಡುವೆ ಮೆಟ್ಟಿಲು. ಉದ್ದದ ಬದಿಗೆ ಕಂಬಗಳ ಜಗಲಿ. ಅದಕ್ಕೆ ಅಲ್ಲಿಯವರು 'ಪಿಯಾಜಾ' ಅನ್ನುತ್ತಾರೆ. ಅದು ಸಾಮಾನ್ಯವಾಗಿ ದಕ್ಷಿಣಕ್ಕೋ ಪಶ್ಚಿಮಕ್ಕೋ ಇರುತ್ತದೆ, ಗಾಳಿ ಬರಲಿ ಎಂದು. ರಸ್ತೆಗೆ ಕಾಣುವ ಬಾಗಿಲು ತೆರೆದರೆ ಮನೆಯೊಳಗೆ ಹೋಗುವುದಿಲ್ಲ, ಜಗಲಿಗೆ ಹೋಗುತ್ತೀರಿ. ನಿಜವಾದ ಬಾಗಿಲು ಜಗಲಿಯ ನಡುವೆ ಇದೆ. "ಸೆಕೆಗೆ ಕಟ್ಟಿದ ಮನೆ ಇದು," ಅಂದರು ಅಪ್ಪ. ಫೋನಿನ ದಿಕ್ಸೂಚಿ ಹಿಡಿದು ಚರ್ಚ್ ಸ್ಟ್ರೀಟ್ ಉದ್ದಕ್ಕೂ ನಡೆದೆವು. ಜಗಲಿ ಎಲ್ಲಿದೆ ಎಂದು ನೋಡುವ ಮೊದಲೇ ಹೇಳುವುದು ನಮಗೆ ಆಟವೇ ಆಯಿತು.

ಎರಡನೇ ದಿನ ಗೋಡೆ. ಇಲ್ಲಿ ಅಪ್ಪನೇ ಮೇಷ್ಟ್ರು. "ನೋಡೇ, ಒಂದೇ ಸಾಲಲ್ಲಿ ಒಂದು ಉದ್ದ ಇಟ್ಟಿಗೆ, ಒಂದು ಗಿಡ್ಡ, ಮತ್ತೆ ಉದ್ದ." ಇಟ್ಟಿಗೆ ಜೋಡಿಸುವ ಆ ಕ್ರಮಕ್ಕೆ ಫ್ಲೆಮಿಶ್ ಬಾಂಡ್ ಎಂದು ಹೆಸರು. ಒಂದು ಸಾಲು ಪೂರ್ತಿ ಉದ್ದ, ಮುಂದಿನ ಸಾಲು ಪೂರ್ತಿ ಗಿಡ್ಡ ಇದ್ದರೆ ಇಂಗ್ಲಿಷ್ ಬಾಂಡ್. ಕೆಲವು ಮನೆಗಳಿಗೆ ಗಾರೆ ಹಚ್ಚಿ, ಗೆರೆ ಎಳೆದು, ಕಲ್ಲಿನ ಗೋಡೆಯ ಹಾಗೆ ಮಾಡಿದ್ದಾರೆ. ಎಷ್ಟೋ ಗೋಡೆಗಳ ಮೇಲೆ ಕಬ್ಬಿಣದ ಬಿಲ್ಲೆಗಳಿವೆ. ದುಂಡಗಿನವು, ಶಿಲುಬೆಯಂಥವು, ಸಿಂಹದ ಮುಖದವೂ ಇವೆ. ಅಲಂಕಾರ ಅಂದುಕೊಂಡಿದ್ದೆ. ಅಪ್ಪ ಎದುರಿನ ಗೋಡೆಗೂ ಹೋಗಿ ನೋಡಿ ಬಂದರು. "ಅಲ್ಲೂ ಇದೆ, ಇದೇ ಎತ್ತರದಲ್ಲಿ. ಒಳಗೆ ಸರಳು ಹಾಯ್ದಿದೆ." ನಿಜ. 1886ರ ಆಗಸ್ಟ್ 31ರ ರಾತ್ರಿ ಇಲ್ಲಿ ದೊಡ್ಡ ಭೂಕಂಪವಾಯಿತು. ಬಿರುಕು ಬಿಟ್ಟ ಗೋಡೆಗಳು ಹೊರಕ್ಕೆ ವಾಲದಿರಲಿ ಎಂದು ಮಹಡಿಯ ಅಡಿಯಲ್ಲಿ ಉದ್ದ ಸರಳು ಹಾಯಿಸಿ ಎರಡೂ ಕಡೆ ಬಿಗಿದರು. ಆ ದಿನದಿಂದ ನನಗೆ ಬಿಲ್ಲೆ ಕಂಡರೆ ಮನೆ ಆ ರಾತ್ರಿಯನ್ನು ದಾಟಿ ಬಂದದ್ದು ಅನ್ನಿಸುತ್ತದೆ.

ಶೈಲಿಗಳ ಹೆಸರಿಗೆ ಬಂದದ್ದು ಮೂರನೇ ದಿನವೇ. ಬಾಗಿಲು, ಕಿಟಕಿ, ಕಂಬ, ಇಷ್ಟನ್ನೇ ಬರೆದೆ. ಕಿಂಗ್ ಸ್ಟ್ರೀಟ್‌ನ ಮೈಲ್ಸ್ ಬ್ರೂಟನ್ ಮನೆ 1760ರ ದಶಕದ ಜಾರ್ಜಿಯನ್. ತೂಕದ ಕಟ್ಟಡ, ಎಡಬಲ ಸರಿಸಮ, ಮುಂದೆ ಎರಡು ಅಂತಸ್ತಿನ ಕಂಬಗಳ ಮೊಗಸಾಲೆ. ಮೀಟಿಂಗ್ ಸ್ಟ್ರೀಟ್‌ನ ನಥಾನಿಯಲ್ ರಸೆಲ್ ಮನೆ 1808ರ ಫೆಡರಲ್. ಇಲ್ಲಿ ಎಲ್ಲವೂ ಸಪೂರ. ಎತ್ತರದ ಕಿಟಕಿ, ತೆಳು ಕಬ್ಬಿಣದ ಬಾಲ್ಕನಿ, ಒಳಗೆ ಮೊಟ್ಟೆಯಾಕಾರದ ಕೋಣೆ. ಮೆಟ್ಟಿಲು ನಡುವೆ ಕಂಬವಿಲ್ಲದೆ ಮೂರು ಅಂತಸ್ತು ಸುತ್ತಿ ಏರುತ್ತದೆ. ಅಪ್ಪ ಅದರ ಕೆಳಗೆ ತುಂಬಾ ಹೊತ್ತು ನಿಂತರು, ಭಾರ ಎಲ್ಲಿ ಇಳಿಯುತ್ತಿದೆ ಎಂದು ಹುಡುಕುತ್ತಾ.

ಆಮೇಲೆ ನನ್ನ ಲೆಕ್ಕ ತಪ್ಪಿಸಿದ್ದು ಎಡ್ವರ್ಡ್ ಬ್ರಿಕೆಲ್ ವೈಟ್ ಎಂಬ ವಾಸ್ತುಶಿಲ್ಪಿ. 1841ರ ಮಾರ್ಕೆಟ್ ಹಾಲ್ ಅವನದು, ಗ್ರೀಕ್ ರಿವೈವಲ್. ಗ್ರೀಕರ ಪ್ರಾಚೀನ ದೇವಾಲಯದ ಹಾಗೆ ಮುಂದೆ ಕಂಬಗಳು, ಮೇಲೆ ತ್ರಿಕೋನ. ಅದಾಗಿ ನಾಲ್ಕು ವರ್ಷಕ್ಕೆ ಮುಗಿದ, ಹ್ಯೂಗೆನೊ ಎಂಬ ಫ್ರೆಂಚ್ ಪ್ರೊಟೆಸ್ಟಂಟರ ಚರ್ಚೂ ಅವನದೇ, ಆದರೆ ಗಾಥಿಕ್ ರಿವೈವಲ್. ಚೂಪು ಕಮಾನು, ಮೇಲೆ ಚೂಪು ಕಿರುಶಿಖರಗಳು. ಒಬ್ಬನೇ ಮನುಷ್ಯ, ಒಂದೇ ಊರು, ಎರಡು ಶೈಲಿ. ಒಂದು ಕಾಲಕ್ಕೆ ಒಂದೇ ಶೈಲಿ ಎಂದು ನಾನು ಅಂದುಕೊಂಡದ್ದು ತಪ್ಪು. ಯಾವ ಕೆಲಸಕ್ಕೆ ಕಟ್ಟಡ, ಯಾರು ಕಟ್ಟಿಸುತ್ತಿದ್ದಾರೆ ಎಂದು ನೋಡಿ ಆರಿಸಿಕೊಳ್ಳುತ್ತಿದ್ದರು.

ಬ್ರೂಟನ್ ಮನೆಯ ಎದುರು ಇನ್ನೊಂದು ಮಾತು ಅಪ್ಪನಿಗೆ ಹೇಳಿದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1780ರಲ್ಲಿ, ಬ್ರಿಟಿಷರು ಊರನ್ನು ಹಿಡಿದಾಗ ಈ ಮನೆ ಅವರ ಸೇನೆಯ ಮುಖ್ಯ ಕಚೇರಿಯಾಗಿತ್ತು. ಮುತ್ತಿಗೆಯಲ್ಲಿದ್ದ ದೊಡ್ಡ ಅಧಿಕಾರಿಗಳಲ್ಲಿ ಕಾರ್ನ್‌ವಾಲಿಸ್ ಒಬ್ಬ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಅದೇ ಕಾರ್ನ್‌ವಾಲಿಸ್! ಅಪ್ಪ ಮನೆಯನ್ನು ಇನ್ನೊಮ್ಮೆ ನೋಡಿದರು. ನೋಡಿದ್ದು ಬೇಲಿಯನ್ನು. ಅದರ ಮೇಲೆ ಕಬ್ಬಿಣದ ಚೂಪು ಮುಳ್ಳುಗಳ ಸಾಲು. 1822ರಲ್ಲಿ ಡೆನ್ಮಾರ್ಕ್ ವೆಸಿ ಎಂಬ ಸ್ವತಂತ್ರ ಕಪ್ಪು ಬಡಗಿ ಗುಲಾಮರ ದಂಗೆಗೆ ಸಿದ್ಧತೆ ಮಾಡಿದ್ದಾನೆ ಎಂದು ನೇಣು ಹಾಕಿದರು. ಆ ಭಯದಲ್ಲಿ ಹಾಕಿಸಿದ ಮುಳ್ಳುಗಳು ಅವು. ಇಷ್ಟು ಕೇಳಿ ಅಪ್ಪ ಅಂದರು, "ಹಾಗಾದರೆ ಇದನ್ನೆಲ್ಲ ಕಟ್ಟಿದ ಗುಲಾಮರು ಎಲ್ಲಿ ಮಲಗುತ್ತಿದ್ದರು?"

ನಾಲ್ಕನೇ ದಿನ ಪೂರ್ತಿ ಆ ಪ್ರಶ್ನೆಗೇ ಇಟ್ಟೆವು. ಎಲಿಜಬೆತ್ ಸ್ಟ್ರೀಟ್‌ನ ಐಕನ್-ರೆಟ್ ಮನೆಗೆ ಹೋದೆವು. ಈ ಊರಲ್ಲಿ ಒಂದೇ ಮನೆಗೆ ಟಿಕೆಟ್ ಕೊಳ್ಳುವುದಾದರೆ ಇದಕ್ಕೇ ಕೊಳ್ಳಿ ಅನ್ನುತ್ತೇನೆ. ಇದನ್ನು ಹೊಸದಾಗಿ ಕಾಣುವಂತೆ ಮಾಡಿಲ್ಲ, ಸಿಕ್ಕ ಸ್ಥಿತಿಯಲ್ಲೇ ಕಾಪಾಡಿದ್ದಾರೆ. ಗೋಡೆ ಕಾಗದ ಸುಲಿದು ನೇತಾಡುತ್ತಿದೆ. ಹಿತ್ತಲಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಕುದುರೆ ಲಾಯ. ಅವುಗಳ ಮೇಲಿನ ಮಹಡಿಯಲ್ಲಿ ಗುಲಾಮರ ಚಿಕ್ಕ ಚಿಕ್ಕ ಕೋಣೆಗಳು. ಮುಂದಿನ ಮನೆಯ ಸೊಗಸೆಲ್ಲ ಇಲ್ಲಿಂದ ನಡೆಯುತ್ತಿತ್ತು.

ಇಟ್ಟಿಗೆಯೂ ಅವರದೇ ಕೆಲಸ. ನದಿದಂಡೆಯ ಭಟ್ಟಿಗಳಲ್ಲಿ ಗುಲಾಮರು, ಅವರ ಮಕ್ಕಳು ಹಸಿ ಇಟ್ಟಿಗೆ ತಿರುಗಿಸಿ ಒಣಗಿಸುತ್ತಿದ್ದರು. ಊರಿನ ಕೆಲವು ಗೋಡೆಗಳಲ್ಲಿ ಅವರ ಬೆರಳಿನ ಗುರುತು ಇನ್ನೂ ಇದೆ. ಹಿಂದಿನ ದಿನ ಒಂದು ಓಣಿಯಲ್ಲಿ ಅಪ್ಪ ಅಂಥದ್ದೊಂದನ್ನು ಕಂಡಿದ್ದರು. ತಮ್ಮ ಬೆರಳಿಟ್ಟು ನೋಡಿದರು, ಹಿಡಿಸಲಿಲ್ಲ. ನನ್ನದೂ ಹಿಡಿಸಲಿಲ್ಲ. ಅಷ್ಟು ಚಿಕ್ಕ ಕೈ.

ಹಿತ್ತಲ ಮೆಟ್ಟಿಲ ಹತ್ತಿರ ಕೂತು ಹೊಸ ಹಾಳೆ ತೆಗೆದೆ. ಮೂರು ದಿನ ಬರೆದದ್ದೆಲ್ಲ ರಸ್ತೆಗೆ ಕಾಣುವ ಮುಖಗಳೇ. ಅಪ್ಪ ಹೆಜ್ಜೆ ಹಾಕಿ ಕೋಣೆಯ ಉದ್ದ ಅಗಲ ಅಳೆದು ಹೇಳಿದರು, ನಾನು ನಕ್ಷೆ ಬರೆದುಕೊಂಡೆ.